ಟೋಟಲ್ ಸ್ಟೇಷನ್ ಕೊಳ್ಳುವ ಭೂಮಾಪಕರ ಲೆಕ್ಕಾಚಾರ

ವೃತ್ತಿಯ ಉಪಕರಣ ಕೊಳ್ಳುವುದಕ್ಕೂ ಮನೆಬಳಕೆಯ ಯಂತ್ರ ಕೊಳ್ಳುವುದಕ್ಕೂ ಇರುವ ಅಂತರ ಬೆಲೆಯದು ಮಾತ್ರವಲ್ಲ. ಮನೆಯ ಯಂತ್ರ ಕೆಟ್ಟರೆ ಮನೆಯವರಿಗೆ ತೊಂದರೆ. ವೃತ್ತಿಯ ಉಪಕರಣ ಕೆಟ್ಟರೆ ದುಡಿಮೆಯೇ ನಿಲ್ಲುತ್ತದೆ, ಮತ್ತು ಅದು ಪೂರ್ತಿ ಕೆಡದೆ ತಪ್ಪು ಲೆಕ್ಕ ತೋರಿಸುತ್ತ ಹೋದರೆ ಅದರ ಹಾನಿ ಕೊಂಡವರನ್ನು ದಾಟಿ ಇನ್ನೊಬ್ಬರ ಜಮೀನು, ಕಟ್ಟಡ, ನ್ಯಾಯಾಲಯದ ವ್ಯಾಜ್ಯಗಳವರೆಗೂ ತಲುಪುತ್ತದೆ. ಈ ಮಾತಿಗೆ ಭೂಮಾಪನದಷ್ಟು ಸ್ಪಷ್ಟವಾದ ಉದಾಹರಣೆ ಕಡಿಮೆ. ಕರ್ನಾಟಕದಲ್ಲಿ ಪೋಡಿ, ಹದ್ದುಬಸ್ತು, 11ಇ ನಕ್ಷೆ ಮುಂತಾದ ಜಮೀನು ಅಳತೆಯ ಕೆಲಸಗಳಲ್ಲಿ ಸರ್ಕಾರಿ ಭೂಮಾಪಕರ ಜೊತೆಗೆ ಪರವಾನಗಿ ಪಡೆದ ಖಾಸಗಿ ಭೂಮಾಪಕರೂ ತೊಡಗಿದ್ದಾರೆ. ರಸ್ತೆ, ಬಡಾವಣೆ, ಕಾಲುವೆ, ಗಣಿಗಳ ಅಳತೆಯನ್ನು ಸ್ವಂತ ಉದ್ಯೋಗವಾಗಿ ಮಾಡುವವರೂ ಇದ್ದಾರೆ. ಇವರಲ್ಲಿ ಹಲವರಿಗೆ ಮನೆಯನ್ನು ಬಿಟ್ಟರೆ ಜೀವನದ ಅತಿ ದೊಡ್ಡ ಖರೀದಿ ಎಂದರೆ ಟೋಟಲ್ ಸ್ಟೇಷನ್.

ಟೋಟಲ್ ಸ್ಟೇಷನ್ ಎಂಬುದು ಕೋನವನ್ನು ಅಳೆಯುವ ಥಿಯೊಡೊಲೈಟನ್ನೂ, ಬೆಳಕಿನ ಕಿರಣವನ್ನು ಕಳುಹಿಸಿ ಅದು ಹಿಂದಿರುಗುವ ಬಗೆಯಿಂದ ದೂರವನ್ನು ಲೆಕ್ಕಹಾಕುವ ವಿದ್ಯುನ್ಮಾನ ದೂರಮಾಪಕವನ್ನೂ, ಈ ಎರಡರ ಫಲಿತಾಂಶವನ್ನು ಜೋಡಿಸಿ ಬಿಂದುಗಳ ಸ್ಥಾನವನ್ನು ದಾಖಲಿಸುವ ಪುಟ್ಟ ಗಣಕವನ್ನೂ ಒಂದೇ ಕವಚದಲ್ಲಿ ಸೇರಿಸಿದ ಉಪಕರಣ. ಅದರ ಮಾಹಿತಿಪತ್ರದಲ್ಲಿ ನಿಖರತೆಯನ್ನು 1 ಸೆಕೆಂಡ್, 2 ಸೆಕೆಂಡ್, 5 ಸೆಕೆಂಡ್ ಎಂದು ಬರೆದಿರುತ್ತಾರೆ. ಈ ಸೆಕೆಂಡ್ ಕಾಲದ್ದಲ್ಲ, ಕೋನದ್ದು. ಒಂದು ಡಿಗ್ರಿಯ 3,600ನೆಯ ಒಂದು ಪಾಲು. 5 ಸೆಕೆಂಡಿನ ತಪ್ಪು 100 ಮೀಟರ್ ದೂರದಲ್ಲಿ ಸುಮಾರು 2.4 ಮಿಲಿಮೀಟರ್ ಪಕ್ಕಕ್ಕೆ ಸರಿದಂತೆ. ಜಮೀನಿನ ಹದ್ದು ಗುರುತಿಸುವವರಿಗೆ ಇಷ್ಟು ಸಾಕು, ಸೇತುವೆಯ ಕಂಬ ನಿಲ್ಲಿಸುವವರಿಗೆ ಸಾಲದು. ಆದ್ದರಿಂದ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ನಿಖರತೆಗೆ ಹಣ ಸುರಿದು, ಆಮೇಲೆ ಡೀಲರ್‌ ಬಳಿ ಹತ್ತು ಸಾವಿರಕ್ಕಾಗಿ ಚೌಕಾಸಿ ಮಾಡುವುದು ಬೆಲೆಯ ಲೆಕ್ಕದಲ್ಲೇ ಮೊದಲು ಆಗುವ ಎಡವಟ್ಟು.

ಇನ್ನು ಒಂದೇ ಮಾದರಿಯ ಉಪಕರಣಕ್ಕೆ ಎರಡು ಕೊಟೇಷನ್ ಬರುವ ಸಂದರ್ಭವನ್ನು ನೋಡಬಹುದು. ಒಂದು, ಊರಿಗೆ ಹತ್ತಿರದ ನಗರದಲ್ಲಿ ಅಂಗಡಿಯನ್ನೂ ದುರಸ್ತಿ ಕೋಣೆಯನ್ನೂ ಇಟ್ಟಿರುವ ಅಧಿಕೃತ ಡೀಲರ್‌ನದು. ಇನ್ನೊಂದು, ದೂರದಿಂದ ಕೊರಿಯರ್‌ನಲ್ಲಿ ಪೆಟ್ಟಿಗೆ ಕಳುಹಿಸಿ ಅಲ್ಲಿಗೆ ಕೈತೊಳೆದುಕೊಳ್ಳುವ ಮಾರಾಟಗಾರನದು, ಅಥವಾ ಹೊರದೇಶದಲ್ಲಿ ಕೊಂಡು ತಂದ ಉಪಕರಣವನ್ನು ಇಲ್ಲಿ ಮಾರುವವನದು. ಎರಡನೆಯ ಬೆಲೆ ಕಡಿಮೆ ಇರುವುದು ಸಹಜ, ಏಕೆಂದರೆ ಅದರಲ್ಲಿ ಕೆಲವು ವಸ್ತುಗಳು ಇರುವುದೇ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ತಂದರು ಎಂಬ ಗಾದೆಯನ್ನು ಡೀಲರ್‌ಗಳು ಇಂಥ ವೇಳೆ ಉತ್ಸಾಹದಿಂದ ಹೇಳುತ್ತಾರೆ. ಆದರೆ ಜೋಳದ ಮುಗ್ಗಲು ಕೊಳ್ಳುವಾಗಲೇ ಮೂಗಿಗೆ ಬಡಿಯುತ್ತದೆ; ಇಲ್ಲಿ ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆಯೂ ಡೀಲರ್ ಕೊಟ್ಟ ಪೆಟ್ಟಿಗೆಯೂ ಮೊದಲ ದಿನ ಒಂದೇ ಬಗೆಯಾಗಿರುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ. ಡೀಲರ್ ಸೇವೆ ಎಂದು ಒಟ್ಟಾಗಿ ಕರೆಯುವುದರಲ್ಲಿ ಭೂಮಾಪಕರು ಕಲಿತು ತಾವೇ ಮಾಡಿಕೊಳ್ಳಬಹುದಾದ ಭಾಗ ಯಾವುದು, ಅವರ ಕೈಗೆ ಎಂದಿಗೂ ನಿಲುಕದ ಭಾಗ ಯಾವುದು ಎಂಬುದನ್ನು ಬಿಡಿಸಿಕೊಂಡರೆ, ಹೆಚ್ಚಿನ ಬೆಲೆಯನ್ನು ಯಾವುದಕ್ಕೆ ಕೊಡಬೇಕು ಎಂಬುದು ತಿಳಿಯುತ್ತದೆ.

ಮೊದಲ ಭಾಗಕ್ಕೆ ಪ್ರಿಸಂ ಸ್ಥಿರಾಂಕ ಒಳ್ಳೆಯ ಉದಾಹರಣೆ. ದೂರ ಅಳೆಯಲು ಎದುರು ಬಿಂದುವಿನಲ್ಲಿ ಕೋಲಿನ ಮೇಲೆ ಗಾಜಿನ ಪ್ರಿಸಂ ಹಿಡಿಯುತ್ತಾರೆ. ಅದು ಕಿರಣವನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಗಾಜಿನೊಳಗೆ ಬೆಳಕು ನಿಧಾನವಾಗಿ ಚಲಿಸುವುದರಿಂದಲೂ, ಪ್ರಿಸಂ ಅದರ ಚೌಕಟ್ಟಿನಲ್ಲಿ ಕೂತ ರೀತಿಯಿಂದಲೂ, ಅಳೆದ ದೂರಕ್ಕೂ ಕೋಲು ನಿಂತ ಬಿಂದುವಿನ ನಿಜವಾದ ದೂರಕ್ಕೂ ಒಂದು ನಿಶ್ಚಿತ ವ್ಯತ್ಯಾಸ ಉಳಿಯುತ್ತದೆ. ಅದನ್ನು ಸರಿದೂಗಿಸಲು ಉಪಕರಣದಲ್ಲಿ ಊಡಬೇಕಾದ ಅಂಕಿಯೇ ಪ್ರಿಸಂ ಸ್ಥಿರಾಂಕ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಪ್ರಿಸಂಗಳಲ್ಲಿ ಕೆಲವಕ್ಕೆ ಇದು 0, ಕೆಲವಕ್ಕೆ −30 ಮಿಲಿಮೀಟರ್. ಲೈಕಾ ಕಂಪನಿಯ ಎಣಿಕೆಯೇ ಬೇರೆ. ಇತರರ ಲೆಕ್ಕದಲ್ಲಿ −34.4 ಮಿಲಿಮೀಟರ್ ಆಗುವ ತನ್ನ ಪ್ರಿಸಂಗೆ ಅದು 0 ಎಂದು ಹೆಸರಿಟ್ಟಿದೆ. ಉಪಕರಣ ಒಬ್ಬರಲ್ಲಿ, ಅಗ್ಗದ ಪ್ರಿಸಂ ಇನ್ನೊಬ್ಬರಲ್ಲಿ ಕೊಂಡವರು ಈ ಅಂಕಿಯನ್ನು ಗಮನಿಸದೆ ಬಡಾವಣೆಯ ನಿವೇಶನವೊಂದರ ನಡುವೆ ಉಪಕರಣ ನಿಲ್ಲಿಸಿ ನಾಲ್ಕು ಮೂಲೆಗಳನ್ನು ಗುರುತಿಸಿದರೆ, ಪ್ರತಿಯೊಂದು ಮೂಲೆಯೂ ಮೂರು ಸೆಂಟಿಮೀಟರ್ ತಪ್ಪಿ, ಎದುರುಬದುರು ಮೂಲೆಗಳ ನಡುವಿನ ಅಳತೆಯಲ್ಲಿ ಆರು ಸೆಂಟಿಮೀಟರ್, ಅಂದರೆ ಎರಡು ಅಂಗುಲಕ್ಕೂ ಹೆಚ್ಚು, ವ್ಯತ್ಯಾಸ ಬೀಳುತ್ತದೆ. ಎಲ್ಲ ಮೂಲೆಗಳಲ್ಲೂ ಒಂದೇ ಪ್ರಮಾಣದ ತಪ್ಪಾದ್ದರಿಂದ ನಕ್ಷೆ ಚೆನ್ನಾಗಿಯೇ ಕಾಣುತ್ತದೆ. ನೆರೆಯವನು ಟೇಪು ಹಿಡಿದು ಬಂದಾಗ ಜಗಳ ಶುರುವಾಗುತ್ತದೆ. ಒಳ್ಳೆಯ ಡೀಲರ್‌ನ ಕಡೆಯವರು ಉಪಕರಣ ಒಪ್ಪಿಸುವ ದಿನವೇ ಪ್ರಿಸಂ ನೋಡಿ ಈ ಅಂಕಿಯನ್ನು ಊಡಿ ತೋರಿಸಿ ಹೋಗುತ್ತಾರೆ. ಇದು ದೊಡ್ಡ ಉಪಕಾರವೇ ಸರಿ, ಆದರೆ ಅರ್ಧ ಗಂಟೆಯ ಪಾಠ. ಒಂದು ಸಾಲಿನಲ್ಲಿ ಮೂರು ಬಿಂದು ಗುರುತಿಸಿ, ಇಡೀ ದೂರವನ್ನೂ ಎರಡು ತುಂಡುಗಳನ್ನೂ ಬೇರೆಬೇರೆಯಾಗಿ ಅಳೆದು, ತುಂಡುಗಳ ಮೊತ್ತ ಇಡಿಯೊಡನೆ ಹೊಂದುತ್ತದೆಯೇ ಎಂದು ನೋಡಿದರೆ ಯಾವ ಭೂಮಾಪಕರಿಗೂ ತಪ್ಪು ಸಿಕ್ಕಿಬೀಳುತ್ತದೆ. ಇಂಥ ಪಾಠಕ್ಕಾಗಿ ಲಕ್ಷ ರೂಪಾಯಿ ಹೆಚ್ಚು ಕೊಡಬೇಕಾಗಿಲ್ಲ.

ದೃಷ್ಟಿರೇಖೆಯ ದೋಷವೂ ಬಹುಮಟ್ಟಿಗೆ ಇದೇ ಬಗೆಯದು. ದುರ್ಬೀನಿನ ದೃಷ್ಟಿರೇಖೆ ಅದು ಮೇಲೆ ಕೆಳಗೆ ತಿರುಗುವ ಅಕ್ಷಕ್ಕೆ ನಿಖರವಾಗಿ ಲಂಬವಾಗಿರಬೇಕು. ಬೈಕಿನ ಹಿಂಬದಿಯಲ್ಲಿ ಕಟ್ಟಿಕೊಂಡು ಹಳ್ಳಿ ರಸ್ತೆಗಳಲ್ಲಿ ಓಡಾಡುವ ಉಪಕರಣದಲ್ಲಿ ಅದು ನಿಧಾನವಾಗಿ ಸರಿಯುತ್ತದೆ. 20 ಸೆಕೆಂಡ್ ಸರಿದರೆ 200 ಮೀಟರ್ ದೂರದಲ್ಲಿ ಸುಮಾರು 19 ಮಿಲಿಮೀಟರ್ ತಪ್ಪು. ಒಂದೇ ಗುರಿಯನ್ನು ಉಪಕರಣದ ಎಡಮುಖದಿಂದ ಒಮ್ಮೆ, ದುರ್ಬೀನನ್ನು ಮಗುಚಿ ಬಲಮುಖದಿಂದ ಒಮ್ಮೆ ನೋಡಿ ಸರಾಸರಿ ತೆಗೆದರೆ ಈ ತಪ್ಪು ತಾನಾಗಿ ಕಳೆದುಹೋಗುತ್ತದೆ. ಇತ್ತೀಚಿನ ಉಪಕರಣಗಳಲ್ಲಿ ಅದನ್ನು ಅಳೆದು ಒಳಗಣ ಗಣಕದಲ್ಲೇ ತಿದ್ದಿಡುವ ಸೌಲಭ್ಯವೂ ಇದೆ. ಇಂಥ ಉಪಕರಣಗಳನ್ನು ಬಯಲಿನಲ್ಲೇ ಪರೀಕ್ಷಿಸುವ ಕ್ರಮವನ್ನು ಐಎಸ್‌ಒ 17123 ಎಂಬ ಅಂತರರಾಷ್ಟ್ರೀಯ ಮಾನಕಮಾಲೆ ವಿವರಿಸುತ್ತದೆ. ಹಲವು ಗುತ್ತಿಗೆಗಳಲ್ಲಿ ಕೇಳುವ ಕ್ಯಾಲಿಬ್ರೇಷನ್ ಪ್ರಮಾಣಪತ್ರದ ವಿಷಯ ಮಾತ್ರ ಬೇರೆ. ಕ್ಯಾಲಿಬ್ರೇಷನ್ ಎಂದರೆ ಉಪಕರಣದ ತಪ್ಪು ಎಷ್ಟೆಂದು ಮಾನ್ಯ ಅಳತೆಗೆ ಹೋಲಿಸಿ ದಾಖಲಿಸುವುದು. ಆ ತಪ್ಪನ್ನು ಸರಿಪಡಿಸುವುದು ಅಡ್ಜಸ್ಟ್‌ಮೆಂಟ್ ಎಂಬ ಬೇರೆಯದೇ ಕೆಲಸ. ಇವೆರಡನ್ನೂ ಒಂದೇ ಎಂದುಕೊಂಡು, ಪ್ರಮಾಣಪತ್ರ ಬಂದ ಮೇಲೆ ಉಪಕರಣ ಸರಿಯಾಯಿತೆಂದು ನಂಬುವವರು ಕಡಿಮೆ ಇಲ್ಲ.

ಕೈಗೆ ನಿಲುಕದ ಭಾಗ ಶುರುವಾಗುವುದು ಕವಚದ ಒಳಗೆ. ಉತ್ತರ ಕನ್ನಡ, ಉಡುಪಿ, ಕೊಡಗಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೇ ಒದ್ದೆಯಾಗಿ ಉಳಿದ ಉಪಕರಣದ ಮಸೂರಗಳ ಮೇಲೆ ಬೂಷ್ಟಿನ ಎಳೆಗಳು ಹಬ್ಬುತ್ತವೆ. ಮಸೂರವನ್ನು ಬಿಚ್ಚಿ ಒರೆಸಿ ಮತ್ತೆ ಅದೇ ನೆಲೆಯಲ್ಲಿ ಕೂರಿಸಲು ಅದಕ್ಕೆಂದೇ ಮಾಡಿದ ಕೋಲಿಮೇಟರ್ ಎಂಬ ಸ್ಥಿರ ದೃಷ್ಟಿಸಾಧನ ಬೇಕು. ಉಪಕರಣದ ಸಣ್ಣ ವಾಲಿಕೆಯನ್ನು ತಾನೇ ಅರಿತು ಲೆಕ್ಕಕ್ಕೆ ಹಿಡಿಯುವ ಕಾಂಪೆನ್ಸೇಟರ್ ಕೆಟ್ಟರೆ, ಕೋನವನ್ನು ಓದುವ ಗಾಜಿನ ತಟ್ಟೆ ಮಾಸಿದರೆ, ದೂರಮಾಪಕದ ಬೋರ್ಡು ಸುಟ್ಟರೆ, ಕಂಪನಿಯ ಬಿಡಿಭಾಗವೂ ಕಂಪನಿ ಕೊಡುವ ತಂತ್ರಾಂಶದ ಕೀಲಿಯೂ ಇಲ್ಲದೆ ಜಾಣ ಮೆಕ್ಯಾನಿಕ್ ಕೂಡ ಹೆಚ್ಚೇನೂ ಮಾಡಲಾರ.

ಈ ಸಮಸ್ಯೆ ವಿದ್ಯುನ್ಮಾನ ಯುಗದ ಹೊಸ ಕೊಡುಗೆಯೇನಲ್ಲ. ಭಾರತದ ಭೂಮಾಪನ ಅದನ್ನು ಎರಡು ಶತಮಾನಗಳ ಹಿಂದೆಯೇ ಅನುಭವಿಸಿದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ಅಳತೆ ಆರಂಭಿಸಿ, 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್‌ಟನ್, ಮಹಾ ತ್ರಿಕೋನಮಿತೀಯ ಸರ್ವೆಗೆಂದು ಲಂಡನ್ನಿನ ಉಪಕರಣ ತಯಾರಕ ವಿಲಿಯಂ ಕ್ಯಾರಿಯಿಂದ ಅರ್ಧ ಟನ್ ತೂಕದ ಥಿಯೊಡೊಲೈಟ್ ತರಿಸಿದ. ಅದನ್ನು ಹೊತ್ತ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅಲ್ಲಿಂದ ಅವರೇ ಸೌಜನ್ಯದಿಂದ ಅದನ್ನು ಮದ್ರಾಸಿಗೆ ಕಳುಹಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರದ ಮೇಲಕ್ಕೆ ಅದನ್ನು ಎತ್ತುವಾಗ ಹಗ್ಗ ತುಂಡಾಗಿ, ಉಪಕರಣ ಗೋಡೆಗೆ ಅಪ್ಪಳಿಸಿ, ಅದರ ಪ್ರಧಾನ ವೃತ್ತವೇ ಸೊಟ್ಟಗಾಯಿತು. ತಯಾರಕನಿದ್ದುದು ಲಂಡನ್ನಿನಲ್ಲಿ, ಕಳುಹಿಸಿ ತರಿಸಲು ವರ್ಷಗಳು ಬೇಕು. ಲ್ಯಾಂಬ್‌ಟನ್ ಡೇರೆಯೊಳಗೆ ಕೂತು, ಉಪಕರಣವನ್ನು ಪೂರ್ತಿ ಬಿಚ್ಚಿ, ವಾರಗಟ್ಟಲೆ ದುಡಿದು, ಬಾಗಿದ ಲೋಹವನ್ನು ತಿರುಪುಗಳಿಂದಲೂ ರಾಟೆಗಳಿಂದಲೂ ಎಳೆದು ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ತಂದ. ಅದು ಅವನ ಸಾಹಸದ ಕಥೆಯಾಗಿ ಉಳಿದಿದೆ. ದುರಸ್ತಿ ಮಾಡುವವನು ಹತ್ತಿರದಲ್ಲಿ ಇಲ್ಲದಿದ್ದರೆ ಉಪಕರಣದ ಬೆಲೆಯ ಲೆಕ್ಕ ಹೇಗೆ ಬುಡಮೇಲಾಗುತ್ತದೆ ಎಂಬುದಕ್ಕೆ ದಾಖಲೆಯಾಗಿಯೂ ಅದನ್ನು ಓದಬಹುದು.

ಲ್ಯಾಂಬ್‌ಟನ್ನನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಇದರಿಂದ ಪಾಠ ಕಲಿತವನಂತೆ ನಡೆದುಕೊಂಡ. 1830ರಲ್ಲಿ ಇಂಗ್ಲೆಂಡಿನಿಂದ ಹೊಸ ಉಪಕರಣಗಳೊಡನೆ ಮರಳುವಾಗ ಹೆನ್ರಿ ಬ್ಯಾರೋ ಎಂಬ ಉಪಕರಣ ತಯಾರಕನನ್ನೇ ಕಲ್ಕತ್ತೆಗೆ ಬರಮಾಡಿಕೊಂಡ. ಪೆಟ್ಟು ತಿಂದ ಆ ಹಳೆಯ ಥಿಯೊಡೊಲೈಟ್ ಕೂಡ ಅವನ ಕೈಯಲ್ಲಿ ಮತ್ತೆ ಸಜ್ಜಾಯಿತು. ಬ್ಯಾರೋ ನಂತರ, 1840ರ ದಶಕದಲ್ಲಿ, ಆ ಜವಾಬ್ದಾರಿ ಹೊತ್ತವನು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಸೂಕ್ಷ್ಮ ಕೈಕೆಲಸದಲ್ಲಿ ನುರಿತಿದ್ದ, ಯುರೋಪಿನ ಶಾಲೆ ಕಾಣದಿದ್ದ ಈ ಕುಶಲಕರ್ಮಿಯ ಪ್ರತಿಭೆಯನ್ನು ಎವರೆಸ್ಟ್ ಎಷ್ಟು ನೆಚ್ಚಿದ್ದನೆಂದರೆ, ಮೇಲಿನವರ ಹಿಂಜರಿಕೆಯನ್ನೂ ಲೆಕ್ಕಿಸದೆ ಅವನ ಪರವಾಗಿ ವಾದಿಸಿದ. ಹಿಮಾಲಯದ ಶಿಖರಗಳ ಎತ್ತರ ಕಂಡುಹಿಡಿದ ಸರ್ವೆಯ ಬೆನ್ನಿಗೆ ಹೀಗೆ ಒಂದು ದುರಸ್ತಿ ಕೋಣೆ ಇತ್ತೆಂಬುದನ್ನು ಚರಿತ್ರೆಯ ಪಠ್ಯಗಳು ಹೆಚ್ಚಾಗಿ ಹೇಳುವುದಿಲ್ಲ. ಸೇವೆಯೆಂಬುದು ಕೊನೆಗೆ ಕಂಪನಿಯ ಹೆಸರಲ್ಲಿ ಇರುವುದಿಲ್ಲ. ಅದು ಒಬ್ಬ ವ್ಯಕ್ತಿಯ ಕೈಯಲ್ಲೂ ಅವನ ಮೇಜಿನ ಮೇಲಿರುವ ಬಿಡಿಭಾಗಗಳಲ್ಲೂ ಇರುತ್ತದೆ.

ಈ ಮಾತನ್ನು ಇಂದಿನ ಡೀಲರ್‌ಗೆ ಅನ್ವಯಿಸಿದರೆ, ಅಂಗಡಿಯ ಹವಾನಿಯಂತ್ರಿತ ಮುಂಭಾಗವನ್ನು ನೋಡುವುದಕ್ಕಿಂತ ಹಿಂದಿನ ಕೋಣೆಯನ್ನು ನೋಡಬೇಕೆಂದಾಗುತ್ತದೆ. ಅಲ್ಲಿ ಕೋಲಿಮೇಟರ್ ಇದೆಯೇ, ಉಪಕರಣ ಬಿಚ್ಚುವವನು ಅಲ್ಲಿಯ ನೌಕರನೋ ಅಥವಾ ಪೆಟ್ಟಿಗೆಯನ್ನು ಬೇರೆ ರಾಜ್ಯದ ಕೇಂದ್ರಕ್ಕೆ ಸಾಗಿಸುವ ಗುಮಾಸ್ತನೋ, ಬೋರ್ಡು ಬದಲಿಸಬೇಕಾದರೆ ಅದು ಎಲ್ಲಿಂದ ಬರುತ್ತದೆ, ದುರಸ್ತಿ ಮುಗಿಯುವವರೆಗೆ ಬದಲಿ ಉಪಕರಣ ಕೊಡುತ್ತಾರೆಯೇ, ಕೊಟ್ಟರೆ ಬಾಡಿಗೆ ಎಷ್ಟು ಎಂಬುದು ತಿಳಿಯಬೇಕು. ಬದಲಿ ಉಪಕರಣದ ಪ್ರಶ್ನೆ ಬಹಳ ಮುಖ್ಯ. ಉದಾಹರಣೆಗೆ ಒಂದು ಊಹೆಯ ಲೆಕ್ಕ ಹಾಕಬಹುದು: ಒಂದು ಕೊಟೇಷನ್ 6 ಲಕ್ಷ, ಇನ್ನೊಂದು 4 ಲಕ್ಷ 90 ಸಾವಿರ, ಭೂಮಾಪಕರಿಗೆ ಸಹಾಯಕರ ಕೂಲಿ, ಪೆಟ್ರೋಲು ಕಳೆದು ದಿನಕ್ಕೆ 5,000 ರೂಪಾಯಿ ಉಳಿಯುತ್ತದೆ ಎಂದುಕೊಂಡರೆ, ಉಪಕರಣದ ಇಡೀ ಆಯುಸ್ಸಿನಲ್ಲಿ 22 ದಿನ ಕೆಲಸ ನಿಂತರೆ ಅಗ್ಗದ ಲಾಭವೆಲ್ಲ ಕರಗಿಹೋಗುತ್ತದೆ. ವರ್ಷಕ್ಕೆ ಹತ್ತು ದಿನ ಮಾತ್ರ ಉಪಕರಣ ಬಳಸುವವರಿಗೆ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಅವರು ಅಗ್ಗದ್ದನ್ನು ಕೊಂಡರೂ ನಷ್ಟವಿಲ್ಲ, ಕೊಳ್ಳದೆ ಬಾಡಿಗೆಗೆ ತಂದರೆ ಇನ್ನೂ ಒಳಿತು.

ಡೀಲರ್‌ನ ಹೆಚ್ಚಿನ ಬೆಲೆಯನ್ನು ಅರ್ಥಶಾಸ್ತ್ರವೂ ಪರಿಶೀಲಿಸಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಲೆಸ್ಟರ್ ಟೆಲ್ಸರ್ 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಿಟ್ಟಿ ಸವಾರಿ ಎನ್ನಬಹುದಾದ ಸಮಸ್ಯೆಯನ್ನು ವಿವರಿಸಿದ: ಗ್ರಾಹಕರು ಖರ್ಚು ಮಾಡಿ ಸೇವೆ ಒದಗಿಸುವ ಅಂಗಡಿಯಲ್ಲಿ ಪ್ರಾತ್ಯಕ್ಷಿಕೆ ನೋಡಿ, ಸಲಹೆ ಪಡೆದು, ಆ ಖರ್ಚಿಲ್ಲದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಂಡರೆ, ಮೊದಲನೆಯ ಅಂಗಡಿ ಆ ಸೇವೆಯನ್ನೇ ನಿಲ್ಲಿಸುತ್ತದೆ. ಡೀಲರ್‌ನ ಎಂಜಿನಿಯರನ್ನು ಹೊಲಕ್ಕೆ ಕರೆಸಿ ಅರ್ಧ ದಿನ ಉಪಕರಣ ತೋರಿಸಿಕೊಂಡು, ಆಮೇಲೆ ಬೇರೆಡೆ ಕೊಳ್ಳುವ ಭೂಮಾಪಕರು ಜಿಲ್ಲೆಯಲ್ಲಿ ಹತ್ತಾರು ಮಂದಿಯಾದರೆ, ಆ ಎಂಜಿನಿಯರ್ ಜಿಲ್ಲೆಗೆ ಬರುವುದು ನಿಲ್ಲುತ್ತದೆ. ಇಷ್ಟು ಒಪ್ಪಬೇಕಾದ ಮಾತು. ಆದರೆ ಈ ವಾದವನ್ನು ಡೀಲರ್‌ಗಳು ಗುರಾಣಿಯಾಗಿಯೂ ಬಳಸುತ್ತಾರೆ; ಸೇವೆಯ ಹೆಸರಿನಲ್ಲಿ ಹೆಚ್ಚಿನ ಬೆಲೆ ಪಡೆದು ಸೇವೆಯನ್ನೇ ಕೊಡದವರೂ ಉಂಟು.

ಅದಕ್ಕಿಂತ ಗಂಭೀರವಾದುದು ಬಿಡಿಭಾಗದ ಮೇಲಿನ ಹಿಡಿತ. ಒಮ್ಮೆ ಒಂದು ಕಂಪನಿಯ ಉಪಕರಣ ಕೊಂಡವರು ಅದರ ಬ್ಯಾಟರಿ, ಬೋರ್ಡು, ತಂತ್ರಾಂಶಕ್ಕೆ ಆ ಕಂಪನಿಯ ಬಳಿಗೇ ಹೋಗಬೇಕಾಗುತ್ತದೆ. ಮೊದಲ ಬೆಲೆಗೆ ಪೈಪೋಟಿ ಇದ್ದರೂ ನಂತರದ ಬೆಲೆಗೆ ಇರುವುದಿಲ್ಲ. ಮೋಟಾರು ವಾಹನಗಳಲ್ಲಿ ಇದೇ ಪ್ರಶ್ನೆ ಎದ್ದಾಗ, ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕ ಕಂಪನಿಗಳ ಮೇಲೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆದಾಗ ಅದರ ಗಮನ ಇದ್ದುದು ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನಗಳತ್ತ; ಭೂಮಾಪನ ಉಪಕರಣದಂಥ ಸಣ್ಣ ಮಾರುಕಟ್ಟೆಗಳಿಗೆ ಆ ಬೆಳಕು ಬಿದ್ದಿಲ್ಲ. ಹೀಗಾಗಿ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಬ್ಯಾಟರಿ ಮತ್ತು ಚಾರ್ಜರ್‌ನ ಬೆಲೆ ಎಷ್ಟು ಎಂಬುದನ್ನು ಕೊಳ್ಳುವ ಮೊದಲೇ, ಚೌಕಾಸಿಗೆ ಇನ್ನೂ ಬಲವಿರುವಾಗಲೇ, ಕಾಗದದಲ್ಲಿ ಬರೆಸಿಕೊಳ್ಳಬೇಕು. ಟ್ರೈಪಾಡು, ಪ್ರಿಸಂ ಕೋಲು, ಟೇಪು, ವಾಕಿಟಾಕಿಗಳನ್ನು ಡೀಲರ್ ಒಂದೇ ಬಿಲ್ಲಿನಲ್ಲಿ ಸೇರಿಸಲು ನೋಡುತ್ತಾನೆ. ಇವುಗಳಿಗೆ ಅವನ ದುರಸ್ತಿ ಕೋಣೆ ಬೇಕಾಗಿಲ್ಲವಾದ್ದರಿಂದ ಎಲ್ಲಿ ಗಟ್ಟಿಯಾಗಿ ಅಗ್ಗಕ್ಕೆ ಸಿಗುತ್ತವೋ ಅಲ್ಲಿ ಕೊಳ್ಳುವುದರಲ್ಲಿ ತಪ್ಪಿಲ್ಲ.

ಈಚಿನ ವರ್ಷಗಳಲ್ಲಿ ಟೋಟಲ್ ಸ್ಟೇಷನ್ನಿನ ಪಕ್ಕಕ್ಕೆ ರೋವರ್ ಬಂದು ನಿಂತು ಈ ಲೆಕ್ಕವನ್ನು ಇನ್ನಷ್ಟು ಜಟಿಲಗೊಳಿಸಿದೆ. ರೋವರ್ ಎಂದರೆ ಉಪಗ್ರಹಗಳ ಸಂಕೇತ ಹಿಡಿದು ಸ್ಥಾನ ಕಂಡುಕೊಳ್ಳುವ, ಕೋಲಿನ ತುದಿಯಲ್ಲಿ ಕೂರುವ ಗ್ರಾಹಕ ಸಾಧನ. ಸೆಂಟಿಮೀಟರ್ ಮಟ್ಟದ ನಿಖರತೆಗೆ ಅದು ಸ್ಥಿರವಾಗಿ ನಿಂತ ಇನ್ನೊಂದು ಕೇಂದ್ರದಿಂದ ತಿದ್ದುಪಡಿ ಪಡೆಯಬೇಕು, ಮತ್ತು ಅಂಥ ಕೇಂದ್ರಗಳ ಜಾಲವನ್ನು ಸರ್ವೆ ಆಫ್ ಇಂಡಿಯಾ ಕಾರ್ಸ್ ಎಂಬ ಹೆಸರಿನಲ್ಲಿ ಕಟ್ಟಿದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭೂಸ್ಥಾನಿಕ ದತ್ತಾಂಶದ ನಿಯಮಗಳನ್ನು ಸಡಿಲಿಸಿದ ಮೇಲೆ ಈ ಉಪಕರಣಗಳ ಮಾರುಕಟ್ಟೆ ಹಿಗ್ಗಿದೆ; ಯುರೋಪ್, ಅಮೆರಿಕ, ಜಪಾನಿನ ಹಳೆಯ ಹೆಸರುಗಳ ಎದುರು ಚೀನಾದ ತಯಾರಕರು ಬಹಳ ಕಡಿಮೆ ಬೆಲೆಗೆ ಮಾರುತ್ತಿದ್ದಾರೆ. ರೋವರ್‌ನಲ್ಲಿ ಕಣ್ಣಿಗೆ ಕಾಣುವ ಯಾಂತ್ರಿಕ ಭಾಗ ಕಡಿಮೆ, ತಂತ್ರಾಂಶ ಹೆಚ್ಚು. ಆದ್ದರಿಂದ ಅಲ್ಲಿ ಸೇವೆಯೆಂದರೆ ತಿರುಪುಳಿ ಹಿಡಿದ ಕೈಗಿಂತ ಫೋನು ಎತ್ತುವ ಕಿವಿ: ಜಾಲಕ್ಕೆ ಸಂಪರ್ಕ ಸಿಗದ ದಿನ, ನಕ್ಷೆಯ ನಿರ್ದೇಶಾಂಕ ಪದ್ಧತಿ ತಪ್ಪಾಗಿ ಆಯ್ಕೆಯಾದ ದಿನ, ಆ ಕಡೆ ತಿಳಿದವರು ಒಬ್ಬರಿದ್ದರೆ ಹತ್ತು ನಿಮಿಷದ ಕೆಲಸ. ರೇಡಿಯೊ ಅಳವಡಿಸಿದ ಉಪಕರಣಗಳಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಒಪ್ಪಿಗೆಯ ವಿಷಯವೂ ಇದೆ. ಹೊರದೇಶದಿಂದ ಹೇಗೋ ತಂದ ಅಗ್ಗದ ಪೆಟ್ಟಿಗೆಯೊಡನೆ ಆ ಕಾಗದ ಬರುವುದಿಲ್ಲ.

ಮಾರಾಟಗಾರ ಕೊಟ್ಟ ಮಾತು ತಪ್ಪಿದರೆ ಏನು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ, ಅದು ಹಲವು ಭೂಮಾಪಕರಿಗೆ ತಿಳಿದಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ 2019 ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವವರನ್ನು ಒಳಗೇ ಉಳಿಸಿಕೊಳ್ಳುತ್ತದೆ. ಹಿಂದಿನ ಕಾಯ್ದೆಯಲ್ಲಿದ್ದ ಇದೇ ಅಂಶವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ವಿವರಿಸಿತು. ಯಂತ್ರವನ್ನು ತಾನೇ ನಡೆಸಿ ಹೊಟ್ಟೆ ಹೊರೆಯುವವನು ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡ ಮಾತ್ರಕ್ಕೆ ಗ್ರಾಹಕನಲ್ಲವೆಂದಾಗುವುದಿಲ್ಲ ಎಂದ ನ್ಯಾಯಾಲಯ, ದೊಡ್ಡ ಪ್ರಮಾಣದ ಉದ್ದಿಮೆ ನಡೆಸುತ್ತಿದ್ದ ಆ ಪ್ರಕರಣದ ಅರ್ಜಿದಾರರಿಗೆ ಮಾತ್ರ ಅದರ ಪ್ರಯೋಜನ ಕೊಡಲಿಲ್ಲ. ಆದುದರಿಂದ ಸ್ವಂತ ಹೆಸರಿನಲ್ಲಿ ಒಂದು ಉಪಕರಣ ಕೊಂಡು ತಾವೇ ಅಳತೆ ಮಾಡುವ ಭೂಮಾಪಕರು ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು, 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಐದು ತಂಡಗಳನ್ನಿಟ್ಟು ಐದು ಉಪಕರಣ ಓಡಿಸುವ ಸಂಸ್ಥೆಗೆ ಈ ದಾರಿ ಸಲೀಸಲ್ಲ; ಅದಕ್ಕೆ ಉಳಿಯುವ ಆಸರೆ ಬಹುಮಟ್ಟಿಗೆ ಖರೀದಿಯ ಕರಾರು. ದುರಸ್ತಿಗೆ ಗರಿಷ್ಠ ಎಷ್ಟು ದಿನ, ದಾಟಿದರೆ ಬದಲಿ ಉಪಕರಣ ಯಾರ ಖರ್ಚಿನಲ್ಲಿ, ವಾರಂಟಿಯನ್ನು ನಡೆಸಿಕೊಡಬೇಕಾದವರು ಡೀಲರೋ ತಯಾರಕರೋ ಎಂಬ ಮೂರು ಸಾಲು ಅದರಲ್ಲಿ ಇರದಿದ್ದರೆ, ಬಾಯಿಮಾತಿನ ಭರವಸೆಗೆ ದಾಖಲೆ ಎಂಬುದೇ ಇರುವುದಿಲ್ಲ. ಡೀಲರ್ ಬದಲಾಗುವುದೂ, ಏಜೆನ್ಸಿ ಕೈಬಿಡುವುದೂ ಈ ವ್ಯಾಪಾರದಲ್ಲಿ ಅಪರೂಪವಲ್ಲವಾದ್ದರಿಂದ ಮೂರನೆಯ ಸಾಲಿಗೆ ಬೆಲೆ ಹೆಚ್ಚು.

ಕೊನೆಯದಾಗಿ ಉಳಿಯುವುದು ಹಳೆಯ ಉಪಕರಣದ ಬೆಲೆ. ಟೋಟಲ್ ಸ್ಟೇಷನ್ ಎಚ್ಚರದಿಂದ ಬಳಸಿದರೆ ಹತ್ತು ವರ್ಷಕ್ಕೂ ಮೀರಿ ಬಾಳುವ ವಸ್ತುವಾದ್ದರಿಂದ ಅದಕ್ಕೆ ಒಳ್ಳೆಯ ಮರುಮಾರಾಟ ಉಂಟು. ಹಳೆಯದನ್ನು ಕೊಳ್ಳಲು ಬಂದವರು ಮೊದಲು ನೋಡುವುದು ಕ್ರಮಸಂಖ್ಯೆ: ಕದ್ದ ಮಾಲಲ್ಲವೆಂದು ಖಚಿತವಾಗಬೇಕು, ಮಾರುವವರ ಹೆಸರಿನ ಮೂಲ ಬಿಲ್ಲು ಇರಬೇಕು. ಆಮೇಲೆ ಕೇಳುವುದು ವರ್ಷವಾರು ಸರ್ವಿಸ್ ವರದಿಗಳನ್ನು; ಎಡಮುಖ ಬಲಮುಖದ ವ್ಯತ್ಯಾಸ ಪ್ರತಿ ಸಲ ಎಷ್ಟಿತ್ತು, ಯಾವ ಬೋರ್ಡು ಬದಲಾಯಿತು ಎಂಬುದು ಅದರಲ್ಲಿ ಬರೆದಿರುತ್ತದೆ. ಅಗ್ಗದ ಬೆಲೆಗೆ ಬಿಲ್ಲಿಲ್ಲದೆ ಬಂದು, ಸಿಕ್ಕ ಸಿಕ್ಕಲ್ಲಿ ಬಿಚ್ಚಿಸಿಕೊಂಡ ಉಪಕರಣ ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಆ ಕಾಗದಗಳ ಕಟ್ಟು ಅದರೊಡನೆ ಇರುವುದಿಲ್ಲ, ಮತ್ತು ಕೊಳ್ಳುವವರು ಕೂಡಲೇ ಬೆಲೆ ಇಳಿಸುತ್ತಾರೆ. ಮೊದಲ ದಿನ ಕೊಟೇಷನ್ನಿನಲ್ಲಿ ಉಳಿಸಿದ ಹಣದ ಒಂದು ಪಾಲನ್ನು ಭೂಮಾಪಕರು ಹಲವು ವೇಳೆ ಈ ಹಂತದಲ್ಲಿ ಹಿಂದಿರುಗಿಸುತ್ತಾರೆ.